ಲ್ಯಾಬ್ರಡಾರ್ ತರುವುದೋ, ಮುಧೋಳವೋ? ಉಡುಪಿ ಕಡೆಯ ಮನೆ, ಕೋಳಿ, ಬೆಕ್ಕು, ವಯಸ್ಸಾದವರು ಇದ್ದಾರೆ

ಪರ್ಕಳದ ಮನೆ

ಮನೆಗೆ ನಾಯಿ ತರುವುದು ನಿಶ್ಚಯವಾಗಿದೆ, ಯಾವುದು ಎಂಬಲ್ಲಿ ಎರಡು ಪಕ್ಷವಾಗಿದೆ. ಮಕ್ಕಳಿಗೆ ಲ್ಯಾಬ್ರಡಾರ್ ಬೇಕು. ದೊಡ್ಡವರಿಗೆ ಮುಧೋಳ ಸಾಕುವ ಆಸೆ: ನಮ್ಮ ರಾಜ್ಯದ್ದೇ ತಳಿ, ಕೂದಲು ಉದುರುವುದು ಕಡಿಮೆ, ಕಾಯಿಲೆಯೂ ಕಡಿಮೆ ಎನ್ನುತ್ತಾರೆ.

ಪರ್ಕಳದ ಹತ್ತಿರ 15 ಸೆಂಟ್ಸ್ ಜಾಗ. ಮೂರು ಬದಿ ಕೆಂಪುಕಲ್ಲಿನ ಕಾಂಪೌಂಡ್, ಎತ್ತರ ನಾಲ್ಕಡಿ. ಹಿಂದಿನ ಬದಿ ಬರೀ ತಂತಿಬೇಲಿ, ಆಚೆ ಅಡಿಕೆ ತೋಟ. ಮಕ್ಕಳಿಗೆ 6 ಮತ್ತು 10 ವರ್ಷ. ಅತ್ತೆಗೆ 74, ಕೋಲು ಹಿಡಿದು ನಡೆಯುತ್ತಾರೆ. ಏಳೆಂಟು ಊರಕೋಳಿ ಅಂಗಳದಲ್ಲೇ ತಿರುಗುತ್ತವೆ, ಒಂದು ಬೆಕ್ಕು ಉಂಟು. ನಾವಿಬ್ಬರೂ 9ರಿಂದ 5.30ರವರೆಗೆ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಒಂದು ಗಂಟೆ ನಾಯಿಗೆಂದು ಇಡಬಹುದು.

ನಮ್ಮ ಮಳೆಗಾಲಕ್ಕೆ ಎರಡರಲ್ಲಿ ಯಾವುದು ಹೊಂದೀತು? ಮಕ್ಕಳ ಜೊತೆ, ಅತ್ತೆಯ ಜೊತೆ ಯಾವುದು ಸುರಕ್ಷಿತ? ರಾತ್ರಿ ಯಾರಾದರೂ ಬಂದರೆ ಬೊಗಳಿ ತಿಳಿಸಿದರೆ ಸಾಕು, ಕಚ್ಚುವ ನಾಯಿ ಬೇಡ.

ಹಟ್ಟಿಬಾಗಿಲು

ನಿಮ್ಮ ವಿವರದಲ್ಲೇ ಅರ್ಧ ಉತ್ತರ ಉಂಟು. ನಾಲ್ಕಡಿ ಗೋಡೆ, ತಂತಿಬೇಲಿ, ಬಿಟ್ಟು ಸಾಕುವ ಕೋಳಿ, ಈ ಮೂರೂ ಹೀಗೇ ಉಳಿಯುವುದಾದರೆ ಮುಧೋಳ ತರಬೇಡಿ. ತಳಿಯಲ್ಲಿ ದೋಷವೇನಿಲ್ಲ, ನಿಮ್ಮ ಅಂಗಳ ಅದಕ್ಕೆ ತಯಾರಾಗಿಲ್ಲ.

ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ಓಡುವುದು ಏನಾದರೂ ಕಣ್ಣಿಗೆ ಬಿದ್ದರೆ ಮೊದಲು ಅಟ್ಟಿಸಿಕೊಂಡು ಹೋಗುತ್ತದೆ, ಹೆಸರು ಹಿಡಿದು ಕರೆದದ್ದು ಆಮೇಲೆ ಕಿವಿಗೆ ಬೀಳುತ್ತದೆ. ಮೊಲ ಹಿಡಿಯಲೆಂದು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಗುಣ ಅದು. ಬೈದು ಹೊಡೆದು ಬಿಡಿಸಲು ಆಗುವುದಿಲ್ಲ. ರೆಕ್ಕೆ ಬಡಿದು ಓಡುವ ಕೋಳಿ ಎದುರಿಗಿದ್ದರೆ ಯಾವ ತರಬೇತಿಯನ್ನೂ ನಂಬಬೇಡಿ. ಗಂಡು ಮುಧೋಳ ಹೆಗಲವರೆಗೆ 70 ಸೆಂ.ಮೀ. ಆಸುಪಾಸು ಎತ್ತರ. ಓಡಿ ಬಂದರೆ ನಾಲ್ಕಡಿ ಗೋಡೆ ಅದಕ್ಕೆ ಅಡ್ಡಿಯೇ ಅಲ್ಲ. ತಂತಿಬೇಲಿ ಇನ್ನೂ ಅಪಾಯ: ಚರ್ಮ ತೆಳು, ಅಡಿಯಲ್ಲಿ ಕೊಬ್ಬು ಇಲ್ಲ, ಮುಳ್ಳುತಂತಿಗೆ ತಾಗಿದರೆ ಗೀರಾಗಿ ನಿಲ್ಲದೆ ಅಂಗೈಯಗಲ ಹರಿದುಬಿಡುತ್ತದೆ.

ಲ್ಯಾಬ್ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿಗಳ ವಂಶ. ಮುಂದೆ ಬ್ರಿಟನ್ನಿನಲ್ಲಿ ಹೊಡೆದ ಹಕ್ಕಿಯನ್ನು ಜಖಂ ಮಾಡದೆ ಬಾಯಲ್ಲಿ ಎತ್ತಿ ತರಲು ಬೆಳೆಸಿದರು. ಬಾಯಿ ಮೃದು, ಮನುಷ್ಯರ ಜೊತೆ ಸೇರಿ ಕೆಲಸ ಮಾಡುವ ಹಂಬಲ ಜಾಸ್ತಿ, ತಿಂಡಿ ತೋರಿಸಿದರೆ ಏನನ್ನೂ ಕಲಿಯುತ್ತದೆ. ಕೋಳಿ–ಬೆಕ್ಕಿಗೆ ಮರಿಯಿಂದಲೇ ರೂಢಿ ಮಾಡಿದರೆ ಹೆಚ್ಚಿನವು ಹೊಂದಿಕೊಳ್ಳುತ್ತವೆ. ಆದರೂ ಮೊದಲ ವರ್ಷ ಕೋಳಿ ಹೊರಗಿದ್ದಾಗ ಲ್ಯಾಬ್ ಮರಿಯನ್ನು ಒಂಟಿಯಾಗಿ ಬಿಡಬೇಡಿ. ಕಚ್ಚುವ ಮನಸ್ಸಿಲ್ಲದೆ ಆಟಕ್ಕೆ ಕಾಲಲ್ಲಿ ಒತ್ತಿ ಹಿಡಿದರೂ ಕೋಳಿ ಸಾಯುತ್ತದೆ.

ಇನ್ನು ನೀವು ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಅತ್ತೆಯ ವಿಷಯ. ಲ್ಯಾಬ್ ಸೌಮ್ಯ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ ಕೂಡ. ಆದರೆ ಎಂಟು ತಿಂಗಳಿಂದ ಎರಡು ವರ್ಷದವರೆಗಿನ ಲ್ಯಾಬ್ ಎಂದರೆ ದೊಡ್ಡ ನಾಯಿಯ ಮೈ, ಮರಿಯ ಬುದ್ಧಿ. ಗಂಡು 29ರಿಂದ 36 ಕಿಲೋ, ಹೆಣ್ಣು 25ರಿಂದ 32 ಕಿಲೋ. ಅಷ್ಟು ತೂಕ ಪ್ರೀತಿಯಿಂದಲೇ ಎದೆಗೆ ಹಾರಿದರೂ ಕೋಲು ಹಿಡಿದವರು ಬೀಳುತ್ತಾರೆ, ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟು ಕಷ್ಟ ಎಂದು ಗೊತ್ತೇ ಉಂಟಲ್ಲ. ಆದ್ದರಿಂದ ಮರಿ ಬಂದ ಮೊದಲ ದಿನದಿಂದ ಒಂದು ನಿಯಮ ಇಡಿ: ನಾಲ್ಕು ಕಾಲೂ ನೆಲದಲ್ಲಿದ್ದರೆ ಮಾತ್ರ ಮುದ್ದು. ಹಾರಿದರೆ ತಳ್ಳಬೇಡಿ, ಬೈಯಬೇಡಿ. ಅದಕ್ಕೆ ತಳ್ಳುವುದೂ ಆಟವೇ. ಬೆನ್ನು ತಿರುಗಿಸಿ ನಿಲ್ಲಿ, ಕೆಳಗಿಳಿದ ಕ್ಷಣ ಬಗ್ಗಿ ಮಾತಾಡಿಸಿ. ಮನೆಗೆ ಬರುವ ನೆಂಟರೂ ಇದನ್ನು ಪಾಲಿಸಬೇಕು. ಒಬ್ಬರು ‘ಮರಿಯಲ್ವಾ, ಹಾರಲಿ ಬಿಡಿ’ ಎಂದರೆ ಉಳಿದವರ ಶ್ರಮ ನೀರಲ್ಲಿ ಹೋಮ. ಅತ್ತೆಯ ಕೋಣೆಗೆ ಮತ್ತು ಅಡುಗೆಮನೆಗೆ ಮೂರಡಿ ಎತ್ತರದ ಮರದ ಅಡ್ಡಬಾಗಿಲು ಮಾಡಿಸಿ. ಅವರು ನಡೆಯುವ ಹೊತ್ತಿಗೆ ನಾಯಿ ತನ್ನ ಚಾಪೆಯಲ್ಲಿ ಮಲಗಿರುವುದನ್ನು ಕಲಿಸಿ.

6 ವರ್ಷದ ಮಗುವಿನ ಕೈಗೆ ಲೀಶ್ ಕೊಡಬೇಡಿ, ಯಾವ ತಳಿಯಾದರೂ. ಉಣ್ಣುವಾಗ, ಮಲಗಿರುವಾಗ ನಾಯಿಯನ್ನು ಮುಟ್ಟಬಾರದು ಎಂಬುದನ್ನು ಮಗುವಿಗೆ ಮರಿ ಬರುವ ಮೊದಲೇ ಕಲಿಸಿ.

ಕಾವಲಿಗೆ ಎರಡೂ ಸಾಕು. ಲ್ಯಾಬಿನ ಬೊಗಳು ದಪ್ಪ, ಗೇಟಿನ ಆಚೆ ಇದ್ದವರಿಗೆ ಒಳಗಿರುವುದು ಸಾಧು ನಾಯಿ ಎಂದು ಗೊತ್ತಾಗುವುದಿಲ್ಲ. ಕಚ್ಚುವುದು ಬೇಡ ಎಂದು ನೀವು ಹೇಳಿದ್ದು ಸರಿ. ಸಾಕಿದ ಪ್ರಾಣಿಯ ಬಗ್ಗೆ ನಿರ್ಲಕ್ಷ್ಯ ತೋರಿ ಬೇರೆಯವರಿಗೆ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಉಂಟು.

ಘಟಪ್ರಭಾ

ಮೇಲಿನವರು ಹೇಳಿದ್ದರಲ್ಲಿ ಗೋಡೆ, ಕೋಳಿ ವಿಷಯ ಒಪ್ಪತೀನಿ. ಆದರೆ ಅಷ್ಟಕ್ಕೇ ಮುಧೋಳ ಬೇಡ ಅಂತ ಮುಗಿಸಬ್ಯಾಡ್ರಿ. ಗೋಡೆ ಎತ್ತರಿಸಬಹುದು, ಕೋಳಿಗೆ ಗೂಡು ಕಟ್ಟಬಹುದು. ಆ ಮೇಲೆ ಎರಡು ತಳಿ ಎದುರಾಬದುರು ಇಟ್ಟರೆ ಲೆಕ್ಕ ಬದಲಾಗತದ.

ಕರಾವಳಿಯ ಸೆಖೆ ಮೊದಲು ನೋಡ್ರಿ. ನಾಯಿ ಮೈ ತಣ್ಣಗೆ ಮಾಡಿಕೊಳ್ಳೋದು ಮುಖ್ಯವಾಗಿ ತೇಕಿನಿಂದ, ಅಂದರೆ ನಾಲಿಗೆ, ಬಾಯಿ, ಶ್ವಾಸನಾಳದ ತೇವ ಆವಿಯಾಗಿ. ಗಾಳಿಯಲ್ಲೇ ತೇವ ತುಂಬಿದ್ದರೆ ಆವಿಯಾಗೋದು ನಿಧಾನ, ಎಷ್ಟು ತೇಕಿದರೂ ಮೈ ಕಾವು ಇಳಿಯೋದಿಲ್ಲ. ಬಾಗಲಕೋಟೆಯ 40 ಡಿಗ್ರಿ ಒಣ ಬಿಸಿಲಿನಕಿಂತ ಏಪ್ರಿಲ್–ಮೇ ತಿಂಗಳ ಮಂಗಳೂರಿನ 34 ಡಿಗ್ರಿಯೇ ದಪ್ಪ ನಾಯಿಗೆ ಕಷ್ಟ ಆಗಬಹುದು. ಲ್ಯಾಬಿಗೆ ಇರೋದು ತಣ್ಣೀರಿಗೆಂದು ಬಂದ ಎರಡು ಪದರದ ಕೂದಲು, ಅಡಿಯಲ್ಲಿ ಕೊಬ್ಬು. ಮುಧೋಳಕ್ಕೆ ಒಂದೇ ಪದರದ ಗಿಡ್ಡ ಕೂದಲು, ತೆಳು ಮೈ. ಮಳೆಯಲ್ಲಿ ನೆನೆದು ಬಂದರೆ ಒಂದು ಟವೆಲ್ಲಿನಲ್ಲಿ ಒರೆಸಿದರೆ ಒಣಗತದ. ಉಣ್ಣಿ ಹತ್ತಿದರೂ ಕೈಗೆ, ಕಣ್ಣಿಗೆ ಕೂಡಲೇ ಸಿಗತಾವ.

ಸ್ವಭಾವ ಬೇರೆ. ಮುಧೋಳ ಮನೆಮಂದಿಗೆ ಅಂಟಿಕೊಳ್ಳತದ, ಹೊರಗಿನವರನ್ನು ದೂರ ಇಡತದ. ಒಳಗ ಬಹಳ ಶಾಂತ, ದಿನದ ಹೆಚ್ಚು ಹೊತ್ತು ಮಲಗೇ ಇರತದ. ಹಿರಿಯರ ಮೈಮೇಲೆ ಬೀಳೋ ಚಟ ಲ್ಯಾಬಿನಷ್ಟಿಲ್ಲ. ಆದರೆ ಮಲಗಿದ್ದಾಗ ಹಿಂದಿನಿಂದ ಬಂದು ತಬ್ಬಿಕೊಂಡರೆ ಬೆಚ್ಚಿ ತಿರುಗಿ ಬೀಳತದ. 6 ವರ್ಷದ ಮಗು ಇರೋ ಮನೆಗೆ ಇದೇ ನಿಜವಾದ ಪ್ರಶ್ನೆ. ಮಗುವಿನ ಗೆಳೆಯರು ದಿನಾ ಐದಾರು ಮಂದಿ ಬಂದು ಗದ್ದಲ ಹಾಕೋ ಮನೆಯಾದರೆ ಲ್ಯಾಬೇ ಮೇಲು, ಇದನ್ನ ಮುಧೋಳ ಪ್ರೀತಿಸೋರೇ ಹೇಳಬೇಕು. ಮರಿ 14 ವಾರ ಆಗೋದರೊಳಗೆ ಬೇರೆ ಬೇರೆ ವಯಸ್ಸಿನ ಜನ, ಛತ್ರಿ, ಹೆಲ್ಮೆಟ್, ಮಿಕ್ಸಿ ಸದ್ದು, ಚೆಂಡೆ ಸದ್ದು, ಪಟಾಕಿ ಸದ್ದು ದೂರದಿಂದ, ಎಲ್ಲ ಪರಿಚಯ ಮಾಡಿಸಬೇಕು. ಆ ವಯಸ್ಸು ದಾಟಿದ ಮೇಲೆ ಶುರು ಮಾಡಿದರೆ ಅಂಜುಬುರುಕ ನಾಯಿ ಆಗತದ, ಅಂಜಿದ ನಾಯಿಯೇ ಕಚ್ಚೋದು.

ತರೋದಾದರೆ ಇಷ್ಟು ತಯಾರಿ. ನಾಲ್ಕೂ ಬದಿ ಆರಡಿ ಎತ್ತರ: ಕಲ್ಲಿನ ಮೇಲೆ ಎರಡಡಿ ಜಾಲರಿ ಸಾಕು, ಮುಳ್ಳುತಂತಿ ಬೇಡವೇ ಬೇಡ. ಗೋಡೆ ಪಕ್ಕ ತೆಂಗಿನ ಸಿಪ್ಪೆ, ಕಟ್ಟಿಗೆ, ಕಲ್ಲು ರಾಶಿ ಹಾಕಬ್ಯಾಡ್ರಿ, ಅದನ್ನೇ ಮೆಟ್ಟಿಲು ಮಾಡಿಕೊಳ್ಳತದ. ಗೇಟಿಗೆ ಅಡಿಯಿಂದ ಮೇಲಿನವರೆಗೆ ತಗಡು. ಹೊರಗೇನೂ ಕಾಣದಿದ್ದರೆ ಅರ್ಧ ಓಟ ಅಲ್ಲೇ ನಿಲ್ಲತದ. ಕಾಲರ್ 4 ಸೆಂ.ಮೀ. ಅಗಲದ ಮಾರ್ಟಿಂಗೇಲ್ ಬೇಕು, ಅಂದರೆ ಜಗ್ಗಿದರೆ ತುಸು ಬಿಗಿಯೋ ಕುತ್ತಿಗೆಪಟ್ಟಿ. ಈ ತಳಿಯ ತಲೆ ಕುತ್ತಿಗೆಗಿಂತ ಹೆಚ್ಚು ಅಗಲ ಇರೋದಿಲ್ಲ, ಸಾದಾ ಬೆಲ್ಟು ಹಿಂದಕ್ಕೆ ಜಗ್ಗಿದರೆ ಕಳಚಿ ಬರತದ. ಹೈವೇ ಪಕ್ಕ ಹಾಗಾದರೆ ಮುಗಿದೇ ಹೋಯ್ತು. ಮಲಗಲಿಕ್ಕೆ ನಾಲ್ಕಿಂಚು ದಪ್ಪದ ಹಾಸಿಗೆ, ಇಲ್ಲಾಂದರೆ ಮೊಣಕೈ ಮೂಳೆ ನೆಲಕ್ಕೆ ಒತ್ತಿ ಚರ್ಮ ದಡ್ಡುಗಟ್ಟಿ ನೀರು ತುಂಬತದ. ಜೂನ್–ಜುಲೈ ರಾತ್ರಿ ಗಾಳಿಮಳೆಗೆ ಹೊರಗೆ ಮಲಗಿಸಬ್ಯಾಡ್ರಿ, ನಡುಗತದ. ಸರಪಳಿಗೆ ಕಟ್ಟಿ ಸಾಕೋದಾದರೆ ತರಲೇಬ್ಯಾಡ್ರಿ.

ಇನ್ನೊಂದು, ಕೊನೆಯ ಎರಡು ಮೂರು ಪಕ್ಕೆಲುಬು ಮತ್ತು ಸೊಂಟದ ಮೂಳೆಯ ತುದಿ ಕಾಣೋದು ಈ ತಳಿಗೆ ಸಹಜ. ‘ಊಟ ಹಾಕಲ್ವಾ’ ಅಂತ ಊರವರು ಕೇಳತಾರ. ಅದಕ್ಕಾಗಿ ಕೊಬ್ಬಿಸಿದರೆ ಹಾಳಾಗೋದು ಕೀಲು.

ಶಸ್ತ್ರಚಿಕಿತ್ಸೆ ಬಂದರೆ ವೈದ್ಯರಿಗೆ ಇದು ಓಟದ ಬೇಟೆನಾಯಿ ಅಂತ ಮೊದಲೇ ಹೇಳ್ರಿ. ಈ ಗುಂಪಿನ ನಾಯಿಗಳಿಗೆ ಥಯೋಪೆಂಟೋನ್ ಅನ್ನೋ ಅರಿವಳಿಕೆ ಕೊಟ್ಟರೆ ಎಚ್ಚರ ಬರೋದು ತೀರಾ ತಡ. ಮೈಯಲ್ಲಿ ಕೊಬ್ಬು ಕಡಿಮೆ, ಯಕೃತ್ತು ಆ ಔಷಧ ಕರಗಿಸೋದೂ ನಿಧಾನ. ಬೇರೆ ಅರಿವಳಿಕೆ ಇದಾವ, ಅವರಿಗೆ ಗೊತ್ತಿರತದ.

ಮುಂಗಾರು

ಇಬ್ಬರ ಮಾತೂ ಸರಿ. ಆದರೆ ‘ಮುಧೋಳಕ್ಕೆ ಕಾಯಿಲೆ ಕಡಿಮೆ’ ಎಂಬುದನ್ನು ನಮ್ಮ ಕರಾವಳಿಗೆ ಹಾಗೇ ಅನ್ವಯಿಸಬೇಡಿ. ಆ ತಳಿ ಬೆಳೆದದ್ದು ವರ್ಷಕ್ಕೆ 600 ಮಿ.ಮೀ. ಕೂಡ ಮಳೆ ಬೀಳದ ಒಣ ಸೀಮೆಯಲ್ಲಿ. ಉಡುಪಿಯಲ್ಲಿ 4,000 ಮಿ.ಮೀ. ಆಸುಪಾಸು ಬೀಳುತ್ತದೆ. ಉಣ್ಣಿಜ್ವರ, ಇಲಿಜ್ವರ, ಮರಿಗಳಿಗೆ ವಾಂತಿಭೇದಿ ತರುವ ಪಾರ್ವೊ ಇವಕ್ಕೆ ತಳಿಭೇದ ಇಲ್ಲ.

ಉಣ್ಣಿಯಿಂದ ಶುರು ಮಾಡೋಣ, ಏಕೆಂದರೆ ಇಲ್ಲಿ ನಾಯಿಗಳನ್ನು ಕೊಲ್ಲುವುದರಲ್ಲಿ ಅದರದ್ದು ದೊಡ್ಡ ಪಾಲು. ನಾಯಿಯ ಮೈಯಲ್ಲಿ ಕಾಣುವುದು ಸ್ವಲ್ಪ, ಉಳಿದದ್ದು ಗೋಡೆಯಲ್ಲಿ ಇರುತ್ತದೆ. ರಕ್ತ ಕುಡಿದು ದಪ್ಪಗಾದ ಹೆಣ್ಣು ಉಣ್ಣಿ ಕೆಳಗೆ ಬಿದ್ದು ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಗಾರೆ ಮಾಡದ ಕೆಂಪುಕಲ್ಲಿನ ತೂತುಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ನಾಯಿ ಮಲಗುವ ಕಡೆ ಮೂರಡಿ ಎತ್ತರದವರೆಗೆ ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿ, ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ನಾಯಿಗೆ ಫ್ಲುರಾಲನರ್ ಮಾತ್ರೆ 12 ವಾರಕ್ಕೊಮ್ಮೆ, ಇಲ್ಲವೇ ಅಫೊಕ್ಸೊಲನರ್ ತಿಂಗಳಿಗೊಮ್ಮೆ, ತೂಕಕ್ಕೆ ಸರಿಯಾದ ಅಳತೆಯಲ್ಲಿ. ಫಿಟ್ಸ್ ಬಂದ ಇತಿಹಾಸ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ‘ಮಳೆ ಜೋರಾದಾಗ ಉಣ್ಣಿ ಕಾಣುವುದಿಲ್ಲ’ ಎಂದು ನಡುವೆ ಬಿಟ್ಟರೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಒಮ್ಮೆಲೇ ಮೇಲೇಳುತ್ತದೆ.

ನಿಮ್ಮಲ್ಲಿ ಬೆಕ್ಕು ಉಂಟು, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ದನಗಳಿಗೆ ಬಳಸುವ ಡೆಲ್ಟಾಮೆಥ್ರಿನ್ ದ್ರಾವಣವನ್ನು ನಾಯಿಗೆ ಹಚ್ಚುವ ರೂಢಿ ನಮ್ಮ ಕಡೆ ಉಂಟು. ಆ ಜಾತಿಯ ಔಷಧ, ಅದರಲ್ಲೂ ಪರ್ಮೆಥ್ರಿನ್, ಬೆಕ್ಕಿನ ಯಕೃತ್ತಿಗೆ ಕರಗಿಸಲು ಆಗುವುದಿಲ್ಲ. ಹಚ್ಚಿಸಿಕೊಂಡ ನಾಯಿಯ ಮೈಗೆ ಒರಗಿ ಮಲಗಿದರೂ ಬೆಕ್ಕಿಗೆ ನಡುಕ ಬಂದು ಸಾಯಬಹುದು. ನಿಮ್ಮ ಮನೆಗೆ ಮಾತ್ರೆಯೇ ಸರಿ.

ನಾಯಿ ಒಂದು ಹೊತ್ತು ಊಟ ಬಿಟ್ಟು ಮಂಕಾಗಿದ್ದರೆ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 38.3ರಿಂದ 39.2 ಸೆಲ್ಸಿಯಸ್ ಸಹಜ. 39.5 ದಾಟಿದರೆ, ಒಸಡು ಬಿಳಿಚಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದೇ ದಿನ ರಕ್ತಪರೀಕ್ಷೆ: ಪ್ಲೇಟ್‌ಲೆಟ್ ಎಣಿಕೆ ಮತ್ತು ಗಾಜಿನ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪನ ಎರಡೂ. ಉಣ್ಣಿಯಿಂದ ಬರುವ ರೋಗಗಳು ಮುಖ್ಯವಾಗಿ ಎರಡು, ಎರ್ಲಿಕಿಯಾ ಮತ್ತು ಬೆಬೀಸಿಯಾ. ಎರ್ಲಿಕಿಯಾ ಆದರೆ ಡಾಕ್ಸಿಸೈಕ್ಲಿನ್ ಸುಮಾರು ನಾಲ್ಕು ವಾರ ಕೊಡಬೇಕಾಗುತ್ತದೆ. ಐದನೇ ದಿನಕ್ಕೆ ಚುರುಕಾಯಿತೆಂದು ನಿಲ್ಲಿಸಿದರೆ ರೋಗ ಮಜ್ಜೆಯಲ್ಲಿ ಅಡಗಿ ತಿಂಗಳುಗಳ ನಂತರ ಮರಳುತ್ತದೆ. ಬೆಬೀಸಿಯಾ ಆದರೆ ಔಷಧವೇ ಬೇರೆ, ಅದಕ್ಕೇ ಪರೀಕ್ಷೆ ಮಾಡದೆ ಚುಚ್ಚುಮದ್ದು ಹಾಕಿಸಬಾರದು.

ಇಲಿಜ್ವರದ ಲಸಿಕೆ ಪ್ರತಿ ವರ್ಷ ಬೇಕು, ಅದರ ರಕ್ಷಣೆ ಸುಮಾರು ಒಂದು ವರ್ಷ ಮಾತ್ರ. ಏಪ್ರಿಲ್ ಅಥವಾ ಮೇಯಲ್ಲಿ ಹಾಕಿಸಿದರೆ ಮಳೆಗಾಲದುದ್ದಕ್ಕೂ ಶಕ್ತಿ ಪೂರ್ತಿ ಇರುತ್ತದೆ. ನಿಮ್ಮ ಹಿಂದಿನ ಅಡಿಕೆ ತೋಟದ ಕಣಿಯಲ್ಲಿ ನಿಂತ ನೀರು, ಅದಕ್ಕೆ ಬೆರೆತ ಇಲಿಯ ಮೂತ್ರ, ಇದೇ ದಾರಿ. ನಾಯಿಯಿಂದ ಮನುಷ್ಯರಿಗೂ ಬರುತ್ತದೆ. ಜ್ವರ ಬಂದ ನಾಯಿಯ ಮೂತ್ರ ತೊಳೆಯುವಾಗ ಕೈಗವಸು ಹಾಕಿ. ತೋಟದಲ್ಲಿ ಇನ್ನೂ ಎರಡು ಅಪಾಯ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಉಳಿದ ಮೈಲುತುತ್ತು ನೀರು, ಮತ್ತು ಬಸವನಹುಳಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆ. ಎರಡನೆಯದನ್ನು ನಾಯಿಗಳು ಬಿಸ್ಕತ್ತೆಂದು ತಿನ್ನುತ್ತವೆ, ತಿಂದ ಕೆಲವೇ ಗಂಟೆಯಲ್ಲಿ ಮೈ ನಡುಗುವುದು ಶುರುವಾಗುತ್ತದೆ. ಹಿಂದಿನ ಬೇಲಿ ಭದ್ರ ಮಾಡುವುದಕ್ಕೆ ಇದೊಂದೇ ಕಾರಣ ಸಾಕು, ಲ್ಯಾಬ್ ತಂದರೂ.

ಲ್ಯಾಬಿನ ಮಳೆಗಾಲ ಎಂದರೆ ಕಿವಿ ಮತ್ತು ಚರ್ಮ. ಜೋತುಬಿದ್ದ ಕಿವಿಯೊಳಗೆ ಗಾಳಿ ಆಡುವುದಿಲ್ಲ, ಬೂಷ್ಟು ಬೆಳೆಯುತ್ತದೆ. ಹುಳಿ ವಾಸನೆ, ಕಂದು ಕೊಳೆ, ತಲೆ ಕೊಡವುವುದು ಮೊದಲ ಲಕ್ಷಣ. ವಾರಕ್ಕೊಮ್ಮೆ, ನೆನೆದ ದಿನವೂ, ಕಿವಿ ತೊಳೆಯುವ ದ್ರಾವಣ ತುಂಬಿ ಬುಡ ಒತ್ತಿ, ಹತ್ತಿಯಲ್ಲಿ ಹೊರಗೆ ಬಂದಷ್ಟನ್ನೇ ಒರೆಸಿ. ಕಡ್ಡಿ ಹಾಕಬೇಡಿ, ತೆಂಗಿನೆಣ್ಣೆ ಬಿಡಬೇಡಿ. ಒಳಪದರದ ಕೂದಲು ಒದ್ದೆಯಾಗಿ ಉಳಿದರೆ ಒಂದೇ ರಾತ್ರಿಯಲ್ಲಿ ಅಂಗೈಯಗಲ ಕೆಂಪು ಹುಣ್ಣಾಗುತ್ತದೆ. ಹಾಗಾದರೆ ಹುಣ್ಣಿನ ಸುತ್ತ ಎರಡು ಸೆಂ.ಮೀ. ಅಗಲದವರೆಗೆ ಕೂದಲನ್ನು ಕತ್ತರಿಸಿ, ತೆಳು ಕ್ಲೋರ್‌ಹೆಕ್ಸಿಡೀನಿನಲ್ಲಿ ತೊಳೆದು, ಗಾಳಿಗೆ ಬಿಟ್ಟು ವೈದ್ಯರಿಗೆ ತೋರಿಸಿ. ಮೇಲೆ ಮುಲಾಮು ಮೆತ್ತಿದರೆ ಒಣಗುವುದಿಲ್ಲ. ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು, ಆದರೆ ಬ್ಲೋವರಿನ ತಣ್ಣನೆ ಗಾಳಿಯಲ್ಲಿ ಬುಡದವರೆಗೆ ಒಣಗಿಸಿಯೇ ಬಿಡಬೇಕು. ಸೆಖೆಗೆಂದು ಲ್ಯಾಬಿನ ಕೂದಲು ಬೋಳಿಸುವುದು ಬೇಡ. ಬಿಸಿಲಿಗೆ ಚರ್ಮ ಸುಡುತ್ತದೆ, ಮತ್ತೆ ಬರುವ ಕೂದಲು ಮೊದಲಿನಂತಿರುವುದಿಲ್ಲ.

ಮಲ್ಪೆ, ಕಾಪು ಕಡೆ ಕರೆದೊಯ್ಯುವುದಾದರೆ ಕುಡಿಯುವ ನೀರು ಜೊತೆಗಿರಲಿ. ಉಪ್ಪುನೀರು ಕುಡಿದರೆ ಭೇದಿ. ಬಲೆಯಿಂದ ಎಸೆದ ಉಬ್ಬುಮೀನು ಮರಳಲ್ಲಿ ಬಿದ್ದಿರುತ್ತದೆ, ಅದರ ವಿಷಕ್ಕೆ ಮದ್ದಿಲ್ಲ. ಲ್ಯಾಬನ್ನು ಅಲ್ಲಿ ಲೀಶ್ ಇಲ್ಲದೆ ಬಿಡಬೇಡಿ.

ಪರ್ಕಳದ ಮನೆ

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಧನ್ಯವಾದ. ಹಿಂದಿನ ಬೇಲಿ ಹೇಗೂ ಕಟ್ಟಿಸುತ್ತೇವೆ. ಕೋಳಿಯನ್ನು ಪೂರ್ತಿ ಗೂಡಿಗೆ ಹಾಕಲು ಅತ್ತೆ ಒಪ್ಪುವುದಿಲ್ಲ. ಮಗನ ಗೆಳೆಯರು ದಿನಾ ಬರುತ್ತಾರೆ. ಹಾಗಾಗಿ ಲ್ಯಾಬ್ ಎಂದೇ ಆಗುತ್ತಿದೆ, ಹೆಣ್ಣು. ಇನ್ನು ಊಟ ಹೇಗೆ? ಕುಚ್ಚಲಕ್ಕಿ ಗಂಜಿ, ಬಂಗುಡೆ ಕೊಟ್ಟರೆ ಸಾಕು ಎನ್ನುತ್ತಾರೆ ಅತ್ತೆ. ಮರಿಯನ್ನು ಯಾವಾಗ ತರುವುದು? ಹಗಲಿಡೀ ಅತ್ತೆ ಒಬ್ಬರೇ.

ಹಟ್ಟಿಬಾಗಿಲು

ಲ್ಯಾಬಿನ ಹಸಿವನ್ನು ನಂಬಬೇಡಿ. 2016ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ಸುಮಾರು ಕಾಲು ಭಾಗ ಲ್ಯಾಬ್‌ಗಳಲ್ಲಿ ಪಿಒಎಂಸಿ ಎಂಬ ಜೀನಿನ ತುಂಡೊಂದು ಕಳೆದುಹೋಗಿರುವುದನ್ನು ಕಂಡರು. ಹೊಟ್ಟೆ ತುಂಬಿತೆಂಬ ಸಂದೇಶ ಅಂಥ ನಾಯಿಗೆ ಸರಿಯಾಗಿ ಮುಟ್ಟುವುದಿಲ್ಲ. ಬಟ್ಟಲು ನೆಕ್ಕಿ ಮುಖ ನೋಡಿತೆಂದು ಮತ್ತೆ ಹಾಕಬಾರದು. 48 ಲ್ಯಾಬ್‌ಗಳನ್ನು ಜೀವಮಾನವಿಡೀ ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯವಕ್ಕಿಂತ ಕಾಲು ಭಾಗ ಕಡಿಮೆ ಉಂಡವು ಸರಾಸರಿ ಎರಡು ವರ್ಷದಷ್ಟು ಹೆಚ್ಚು ಬದುಕಿದವು, ಕೀಲುನೋವೂ ತಡವಾಗಿ ಬಂತು. ಯಾವ ಔಷಧವೂ ಇಷ್ಟು ಕೊಡುವುದಿಲ್ಲ.

ಮರಿಗೆ ಒಂದು ವರ್ಷದವರೆಗೆ ದೊಡ್ಡ ತಳಿಯ ಮರಿಗಳಿಗೆಂದೇ ಇರುವ ಒಣ ಆಹಾರ ಕೊಡಿ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಮುಂದೆ ಎರಡು ಸಲ. ಅದರ ಮೇಲೆ ಕ್ಯಾಲ್ಸಿಯಂ ಟಾನಿಕ್ ಸುರಿಯಬೇಡಿ. ಇದು ನಮ್ಮಲ್ಲಿ ತುಂಬ ನಡೆಯುವ ತಪ್ಪು. ಆಹಾರದಲ್ಲೇ ಅಳತೆ ಸರಿ ಇರುತ್ತದೆ, ಹೆಚ್ಚಾದದ್ದನ್ನು ಎಳೆ ಮರಿಯ ಕರುಳು ತಡೆಯಲಾರದೆ ಹೀರಿಕೊಳ್ಳುತ್ತದೆ, ಮೂಳೆ ಸೊಟ್ಟ ಬೆಳೆಯುತ್ತದೆ. ಟೈಲ್ಸ್, ಗ್ರಾನೈಟ್ ನೆಲದಲ್ಲಿ ಕಾಲು ಜಾರಿ ಸೊಂಟದ ಕೀಲು ಸಡಿಲವಾಗದಂತೆ ಓಡಾಡುವ ಕಡೆ ರಬ್ಬರ್ ಚಾಪೆ ಹಾಕಿ.

ದೊಡ್ಡದಾದ ಮೇಲೆ ಲೆಕ್ಕ ಹೀಗೆ. 28–30 ಕಿಲೋ ತೂಕದ, ಸಂತಾನಹರಣ ಆದ ಲ್ಯಾಬಿಗೆ ದಿನಕ್ಕೆ ಸುಮಾರು 1,400 ಕ್ಯಾಲೊರಿ. ಒಣ ಆಹಾರವಾದರೆ 400 ಗ್ರಾಂ ಆಸುಪಾಸು, ತರಬೇತಿಯ ತಿಂಡಿಯೂ ಇದರೊಳಗೇ. ಗಂಜಿ–ಮೀನು ಮಾತ್ರ ಕೊಟ್ಟರೆ ಅನ್ನ ಜಾಸ್ತಿಯಾಗಿ ಮೈ ಊದುತ್ತದೆ, ಪ್ರೋಟೀನ್, ಸತು, ಕ್ಯಾಲ್ಸಿಯಂ ಸಾಲದೆ ಕೂದಲು ಮಂಕಾಗುತ್ತದೆ. ಅರ್ಧ ಒಣ ಆಹಾರ, ಅರ್ಧ ಮನೆಯ ಊಟ ಎಂದರೆ ಅತ್ತೆಗೂ ಸಮಾಧಾನ: 200 ಗ್ರಾಂ ಒಣ ಆಹಾರ, ಬೆಂದ ಕುಚ್ಚಲಕ್ಕಿ ಅನ್ನ 250 ಗ್ರಾಂ, ಮುಳ್ಳು ತೆಗೆದ ಬೇಯಿಸಿದ ಬಂಗುಡೆ ಅಥವಾ ಕೋಳಿಮಾಂಸ 150–175 ಗ್ರಾಂ, ಒಂದು ಹಿಡಿ ಬೇಯಿಸಿದ ಸಿಹಿಗುಂಬಳ ಅಥವಾ ಬೀನ್ಸ್. ಕಣ್ಣಳತೆಯ ಅಂದಾಜು ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಮೀನನ್ನು ಉಪ್ಪು, ಮೆಣಸು, ಹುಳಿ ಹಾಕುವ ಮೊದಲೇ ತೆಗೆದಿಡಿ. ಗಸಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ, ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಒಣಮೀನು ಬೇಡ. ಸೀಸನ್ನಿನ ಬೂತಾಯಿಯಲ್ಲಿ ಕೊಬ್ಬು ಜಾಸ್ತಿ, ಅಪರೂಪಕ್ಕೆ ಒಂದೆರಡು ಸಾಕು.

ಮೇ–ಜೂನಿನಲ್ಲಿ ಮಾವಿನ ಗೊರಟು, ಹಲಸಿನ ಬೀಜ ಅಂಗಳದಲ್ಲಿ ಬೀಳದಂತೆ ದಿನಾ ಹೆಕ್ಕಿ. ಲ್ಯಾಬ್ ಅಗಿಯದೆ ನುಂಗುತ್ತದೆ, ಗೊರಟು ಸಣ್ಣ ಕರುಳಿನಲ್ಲಿ ಸಿಕ್ಕಿಬೀಳುತ್ತದೆ. ನೀರು ಕುಡಿದರೂ ವಾಂತಿ, ಹೊಟ್ಟೆ ಮುಟ್ಟಿದರೆ ನೋವು ಎಂದಾದರೆ ರಾತ್ರಿಯಾದರೂ ಹೊರಡಿ. ಅಲ್ಲಿ ಆಪರೇಷನ್ ಒಂದೇ ದಾರಿ.

ಮುಂಗಾರು

ಯಾವಾಗ ಎಂಬುದಕ್ಕೆ: ಏಪ್ರಿಲ್ ಮೊದಲ ವಾರ, ಮರಿಗೆ ಎಂಟು ವಾರ ತುಂಬಿರಲಿ. ಮೊದಲ ಲಸಿಕೆ 6–8 ವಾರಕ್ಕೆ, ಆಮೇಲೆ 3–4 ವಾರಕ್ಕೊಮ್ಮೆ, ಕೊನೆಯದು 16 ವಾರಕ್ಕೆ. ರೇಬೀಸ್ ಮೂರು ತಿಂಗಳಿಗೆ. ಹಾಗೆ ಬಂದರೆ ಮೇ ಕೊನೆಗೆ ಲಸಿಕೆ ಮುಗಿದು, ಮಳೆ ಶುರುವಾಗುವ ಹೊತ್ತಿಗೆ ಮರಿ ನೆಲಕ್ಕಿಳಿಯಬಹುದು. ಹೊರಗೆ ಮಲಮೂತ್ರ ಮಾಡುವ ಅಭ್ಯಾಸವೂ ಬೇಸಿಗೆಯಲ್ಲೇ ಆಗಿರುತ್ತದೆ. ಜೂನ್ ನಡುವೆ ತಂದರೆ ಎರಡೂ ಕೆಡುತ್ತದೆ. ಮಾಡಿನ ಕೆಳಗೆ ನಾಲ್ಕಡಿ–ಆರಡಿ ಜಾಗಕ್ಕೆ ಮರಳು ಹಾಕಿ ಅಲ್ಲೇ ರೂಢಿಸಿದರೆ ಜುಲೈಯ ಜಡಿಮಳೆಯಲ್ಲಿ ಪರದಾಡಬೇಕಿಲ್ಲ.

ಎಂಟು ವಾರದ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಮೂತ್ರ ತಡೆಯುವುದಿಲ್ಲ. ಎರಡು ತಿಂಗಳು ಮಕ್ಕಳಿಗೆ ರಜೆ, ಆಮೇಲೆ? ಮಧ್ಯಾಹ್ನ ಹನ್ನೆರಡೂವರೆಗೆ ಒಬ್ಬರು ಬಂದು ಹೊರಗೆ ಬಿಟ್ಟು ಊಟ ಹಾಕುವ ವ್ಯವಸ್ಥೆ ಖಚಿತವಾಗದೆ ಮರಿ ತರಬೇಡಿ. ಬಗ್ಗಿ ನೆಲ ಒರೆಸುವ ಕೆಲಸ ಅತ್ತೆಯ ತಲೆಗೆ ಕಟ್ಟಬಾರದು. ಆ ವ್ಯವಸ್ಥೆ ಆಗದಿದ್ದರೆ ಎರಡು ಮೂರು ವರ್ಷದ, ಮನೆಯವರು ಬೇಡವೆಂದು ಕೊಡುತ್ತಿರುವ ಲ್ಯಾಬನ್ನೇ ನೋಡಿ. ಮಂಗಳೂರು ಶಕ್ತಿನಗರದ ಆನಿಮಲ್ ಕೇರ್ ಟ್ರಸ್ಟಿನಂಥ ಆಶ್ರಯತಾಣಗಳಲ್ಲಿ ವಿಚಾರಿಸಿ ಇಡಬಹುದು. ಮೈಮೇಲೆ ಹಾರುವ ಪ್ರಾಯ ಮುಗಿದಿರುತ್ತದೆ, ಸ್ವಭಾವ ಕಣ್ಣೆದುರೇ ಕಾಣುತ್ತದೆ. ನನ್ನ ಮಟ್ಟಿಗೆ ನಿಮ್ಮ ಮನೆಗೆ ಇದೇ ಹೆಚ್ಚು ಹೊಂದುವ ದಾರಿ. ತರುವ ಮೊದಲು ಉಣ್ಣಿಜ್ವರದ ರಕ್ತಪರೀಕ್ಷೆ, ಸೊಂಟದ ಎಕ್ಸ್‌ರೇ ಮಾಡಿಸಿ. ನಾಯಿಯನ್ನು ಲೀಶಿನಲ್ಲಿಟ್ಟು ಕೋಳಿ, ಬೆಕ್ಕನ್ನು ದೂರದಿಂದ ತೋರಿಸಿ ಪರೀಕ್ಷಿಸಿ. ನೋಡಿ ಮುಖ ತಿರುಗಿಸಿದರೆ ಒಳ್ಳೆಯದು, ಮೈ ಬಿಗಿದು ದಿಟ್ಟಿಸಿ ನಿಂತರೆ ನಿಮ್ಮ ಅಂಗಳಕ್ಕಲ್ಲ.

ಮರಿಯೇ ಎಂದಾದರೆ ಸಂತಾನಹರಣ ಒಂದು ವರ್ಷ ತುಂಬಿದ ಮೇಲೆ. ಅದಕ್ಕೂ ಮೊದಲು ಮಾಡಿಸಿದ ಲ್ಯಾಬ್‌ಗಳಲ್ಲಿ ಕೀಲಿನ ತೊಂದರೆ ಹೆಚ್ಚು.

ಘಟಪ್ರಭಾ

ಲ್ಯಾಬ್ ಅಂತ ತೀರ್ಮಾನ ಆದರೂ ಸರಿಯೇ, ಕೊಳ್ಳೋ ಜಾಗ ನೋಡ್ರಿ. ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮದ ಪ್ರಕಾರ ಎಂಟು ವಾರದೊಳಗಿನ ಮರಿ ಮಾರೋ ಹಾಗಿಲ್ಲ, ಮಾರೋರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ‘35 ದಿನದ ಮರಿ, ಬಸ್ಸಿಗೆ ಹಾಕಿ ಕಳಿಸತೀವಿ’ ಅನ್ನೋರನ್ನ ಅಲ್ಲೇ ಬಿಡ್ರಿ. ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಕಾಗದ ವಂಶಾವಳಿಯ ದಾಖಲೆ, ಆರೋಗ್ಯದ ದಾಖಲೆ ಅಲ್ಲ. ತಂದೆತಾಯಿಯ ಸೊಂಟದ ಎಕ್ಸ್‌ರೇ ಕೇಳ್ರಿ, ತಾಯಿಯನ್ನ ಮರಿಗಳ ಜೊತೆ ಕಣ್ಣಾರೆ ನೋಡ್ರಿ. ಮರಿಯ ಕಿವಿ ಮೂಸಿ ನೋಡ್ರಿ, ಹೊಕ್ಕುಳಲ್ಲಿ ಗಂಟು ಇದೆಯೇ ಮುಟ್ಟಿ ನೋಡ್ರಿ, ಹಿಂದಿನಿಂದ ನಡಿಗೆ ನೋಡ್ರಿ. ಬೀಗದ ಕೈ ನೆಲಕ್ಕೆ ಬೀಳಿಸಿದರೆ ಬೆಚ್ಚಲಿ, ಆದರೆ ಅರ್ಧ ನಿಮಿಷದಲ್ಲಿ ತಾನೇ ಬಂದು ಮೂಸಬೇಕು.

ಈ ಚರ್ಚೆ ಓದಿ ಮುಧೋಳದ ಕಡೆ ಮನಸ್ಸಾದ ಬೇರೆಯವರಿಗೆ ಒಂದು ಮಾತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸ್ರಿ. 2005ರಲ್ಲಿ ಅಂಚೆಚೀಟಿ ಬಂದು, ಆಮೇಲೆ ಸೇನೆಯವರು ತರಬೇತಿಗೆ ಒಯ್ದು ಹೆಸರಾದ ಮೇಲೆ ಗ್ರೇಹೌಂಡ್ ಬೆರಕೆಯನ್ನೂ ಮುಧೋಳ ಅಂತ ಮಾರೋರು ಇದಾರ. ಅಲ್ಲಿಂದ ಉಡುಪಿಗೆ 400 ಕಿ.ಮೀ. ಆಸುಪಾಸು. ಸಂಜೆ ಹೊರಡ್ರಿ, ಮೂರು ಗಂಟೆ ಮೊದಲೇ ಊಟ ಮುಗಿಸಿರಲಿ, ತಾಯಿಯ ಹಾಸಿಗೆಯ ತುಂಡು ಬಟ್ಟೆ ಜೊತೆಗೆ ತಗೊಂಡು ಬರ್ರಿ. ಬೇರೆ ನಾಯಿಗಳು ಓಡಾಡಿದ ರಸ್ತೆ ಬದಿಯಲ್ಲಿ ಮಾತ್ರ ಮರಿಯನ್ನ ನೆಲಕ್ಕೆ ಬಿಡಬ್ಯಾಡ್ರಿ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯತದ.